ಹಾಲು ಒಗ್ಗದ ಮೊಮ್ಮಗ

ಬೇಸಿಗೆ ಬಂತೆಂದರೆ ಉಯಂಗಾಳ ಎದೆ ಧಸಕ್ಕೆನ್ನುತ್ತಿತ್ತು. ನಗರದ ಜನವೆಲ್ಲ ಹುಲ್ಲುಗಾವಲಿನ ನೆಂಟರ ಮನೆಗೆ ಹೊರಡುವ ಕಾಲ ಅದು. ಅವಳಿಗೆ ಮಾತ್ರ ಅತ್ತೆಯ ಗುಡಾರಕ್ಕೆ ಹೋಗುವುದೆಂದರೆ ಮಗನನ್ನು ಹಾಲಿನ ಮಡುವಿಗೆ ಇಳಿಬಿಟ್ಟಂತೆ. ಗುಡಾರದ ಮೇಲೆ ಒಣಗುವ ಮೊಸರುಗಟ್ಟಿ, ಬಾಗಿಲ ಬಳಿ ಹುಳಿಯುವ ಕುದುರೆಹಾಲು, ಬಂದವರ ಕೈಗೆಲ್ಲ ಹಾಲು ಹಾಕಿದ ಉಪ್ಪುಚಹಾ. ಐದು ವರ್ಷದ ಬಿಲ್ಗುನ್‌ಗೆ ಇದರಲ್ಲಿ ಒಂದು ತೊಟ್ಟು ಒಳಗೆ ಹೋದರೂ ಮೈತುಂಬ ದದ್ದು, ಗಂಟಲು ಬಿಗಿತ. ಇದನ್ನು ಕಂಡಕಂಡವರಿಗೆಲ್ಲ ಹೇಳಿ ಹೇಳಿ ಅವಳ ಬಾಯಿ ಸೋತಿತ್ತು. ಮಂಗೋಲರ ಹುಡುಗನಿಗೆ ಹಾಲಾಗುವುದಿಲ್ಲವೇ ಎಂದು ನೆರೆಯ ದನಗಾಹಿಗಳು ನಗುತ್ತಿದ್ದರು. ಸ್ವಲ್ಪ ಸ್ವಲ್ಪ ಕುಡಿಸಿ ರೂಢಿ ಮಾಡಿಸು ಎಂದು ಬುದ್ಧಿ ಹೇಳುವವರಿಗೂ ಕೊರತೆಯಿರಲಿಲ್ಲ.

ಅತ್ತೆ ಸೆವ್ಜಿದ್ ಮಾತ್ರ ನಗಲಿಲ್ಲ. ಹಟಮಾರಿ ಮುದುಕಿ, ಆದರೆ ಮೊಮ್ಮಗನೆಂದರೆ ಪ್ರಾಣ. ಈ ಸಲ ಅವನಿಗೆಂದೇ ಹೊಸ ಬಟ್ಟಲು, ಬೇರೆ ಪಾತ್ರೆ ತರಿಸಿದ್ದಳು. ಮುಟ್ಟಿದರೆ ಕೈ ಮುರಿಯುತ್ತೇನೆಂದು ಮನೆಮಂದಿಗೆಲ್ಲ ಗದರಿಸಿ, ಬರಿಯ ಮಾಂಸದ ಸಾರನ್ನು ಅದರಲ್ಲೇ ಕಾಯಿಸಿದ್ದಳು. ಅದನ್ನು ನೋಡಿದ ಉಯಂಗಾ ಎಷ್ಟೋ ವರ್ಷಗಳ ಮೇಲೆ ನೆಮ್ಮದಿಯಿಂದ ಕಾಲು ಚಾಚಿ ಕೂತಳು.

ಮಧ್ಯಾಹ್ನ ಬಿಲ್ಗುನ್ ಸಾರು ಕುಡಿದು ಬಟ್ಟಲು ಕೆಳಗಿಟ್ಟ. ತುಟಿ ಊದಿತು, ಕೆಮ್ಮು ಶುರುವಾಯಿತು, ಉಸಿರಿನಲ್ಲಿ ಸಿಳ್ಳೆ ಕೇಳತೊಡಗಿತು. ಉಯಂಗಾ ಸೊಂಟದ ಚೀಲದಲ್ಲಿದ್ದ ಸೂಜಿಮದ್ದನ್ನು ಅವನ ತೊಡೆಗೆ ಚುಚ್ಚಿ, ಜೀಪು ತರಲು ಗಂಡನನ್ನು ಓಡಿಸಿದಳು. ಸ್ವಲ್ಪ ಹೊತ್ತಿನಲ್ಲಿ ಮಗುವಿನ ಉಸಿರು ಹದಕ್ಕೆ ಬಂತು.

ಒಂದು ಹನಿ ಹಾಲೂ ಸೋಕಿಸಿಲ್ಲವೆಂದು ಸೆವ್ಜಿದ್ ಆಣೆ ಮಾಡಿದಳು. ಆಗ ಉಯಂಗಾಳ ಕಣ್ಣು ಮುದುಕಿಯ ಹೆಗಲ ಮೇಲಿದ್ದ ಬಟ್ಟೆಯ ಮೇಲೆ ಬಿತ್ತು. ನೀರನ್ನು ದೂರದಿಂದ ಹೊತ್ತು ತರುವ ಜಾಗದಲ್ಲಿ ಬಟ್ಟಲು ತೊಳೆಯುವುದಕ್ಕಿಂತ ಒರೆಸುವುದೇ ಹೆಚ್ಚು. ಚಹಾದ ಬಟ್ಟಲುಗಳನ್ನು ಒರೆಸಿದ ಬಟ್ಟೆಯಲ್ಲೇ ಅತ್ತೆ ಮೊಮ್ಮಗನದನ್ನೂ ಒರೆಸಿದ್ದಳು. ಅದು ಫಳಫಳ ಹೊಳೆಯಲೆಂದು ಇನ್ನಷ್ಟು ಹೊತ್ತು ಉಜ್ಜಿದ್ದಳು.

"ಆ ಬಟ್ಟೇಲೇ ಹಾಲಿತ್ತು ಅತ್ತೆ."

"ಒರೆಸಿದ್ದಕ್ಕಾ? ಬರೀ ಒರೆಸಿದ್ದಕ್ಕಾ?" ಎಂದಳು ಸೆವ್ಜಿದ್.

ಬಯ್ಯುವಷ್ಟು ಶಕ್ತಿಯೂ ಉಯಂಗಾಳಲ್ಲಿ ಉಳಿದಿರಲಿಲ್ಲ. ಗಂಟಲು ಮತ್ತೆ ಬಿಗಿಯಬಹುದು, ಆಸ್ಪತ್ರೆ ಸೇರಿಸಲೇಬೇಕು. ಇನ್ನು ಈ ಗುಡಾರಕ್ಕೆ ಮಗನನ್ನು ಕರೆತರುವುದಿಲ್ಲ ಎಂದು ಮನಸ್ಸಿನಲ್ಲೇ ತೀರ್ಮಾನಿಸಿ ಅವಳು ಜೀಪು ಹತ್ತಿದಳು.

ಹೊರಡುವವರ ಹಿಂದೆ ಹಾಲು ಚಿಮುಕಿಸಿ ಹರಸದೆ ಸೆವ್ಜಿದ್ ಯಾರನ್ನೂ ಕಳಿಸಿದವಳಲ್ಲ. ಅಭ್ಯಾಸಬಲದಿಂದ ಹಾಲಿನ ಸೌಟು ಹಿಡಿದೇ ಓಡಿಬಂದಳು. ಅರ್ಧ ದಾರಿಯಲ್ಲಿ ಕೈ ನೋಡಿಕೊಂಡು ಗಕ್ಕನೆ ನಿಂತಳು. ಮುಂದೆ ಬರುವ ಧೈರ್ಯವಿಲ್ಲ, ಹಿಂದಿರುಗಲು ಮನಸ್ಸಿಲ್ಲ.

"ಇಂಥಾ ಹೊತ್ತಲ್ಲಿ ಕೂಸನ್ನ ಹರಸದೆ ಹೆಂಗಮ್ಮ ಕಳಿಸ್ಲಿ?" ಎಂದಳು.

ಉಯಂಗಾ ಹುಲ್ಲು ಯಾವ ಕಡೆ ಬಾಗಿದೆಯೆಂದು ನೋಡಿದಳು. ಗಾಜು ಏರಿಸುತ್ತ ಏರಿಸುತ್ತ ಅರ್ಧಕ್ಕೆ ನಿಲ್ಲಿಸಿದಳು.

"ಅಲ್ಲೇ ನಿಂತ್ಕೊಂಡು ಚಿಮುಕಿಸಿ. ಗಾಳಿ ನಿಮ್ಮ ಕಡೆಗೇ ಬೀಸ್ತಿದೆ. ಆಮೇಲೆ ಸೋಪು ಹಾಕಿ ಕೈ ತೊಳ್ಕೊಂಡು, ಅಂಗಿ ಬದಲಾಯಿಸ್ಕೊಂಡು ಆಸ್ಪತ್ರೆಗೆ ಬನ್ನಿ. ನೀವಿಲ್ದಿದ್ರೆ ಇವನು ಅಳ್ತಾನೆ ಅತ್ತೆ. ಒಬ್ಬಳೇ ಸಮಾಧಾನ ಮಾಡೋ ಶಕ್ತಿ ನನಗಿಲ್ಲ."