ಅರ್ಧ ಮುಚ್ಚಳ

ಮೇಸ್ತ್ರಿಗೆ ಜಂಭ ಅಂತ ಇದ್ದದ್ದು ಒಂದೇ ಒಂದು ವಿಷಯದಲ್ಲಿ: ಕೊನೆಯ ನೀರು. ದೊಡ್ಡ ಹೋಟೆಲೊಂದರ ನೆಲಮಾಳಿಗೆಯ ಲಾಂಡ್ರಿಯಲ್ಲಿ ಮೂವತ್ತನಾಲ್ಕು ವರ್ಷ ಹಾಸಿಗೆಯ ಬಟ್ಟೆ, ಟವೆಲು ಒಗೆಸಿದವರು ಅವರು. ಕೈಕೆಳಗೆ ಹನ್ನೆರಡು ಜನ, ಎಂಟು ಮೆಷಿನ್ನು. ಸೋಪಿನ ಪುಡಿ ಯಾರಾದರೂ ಹಾಕಲಿ, ಕಲೆ ಯಾರಾದರೂ ತೆಗೆಯಲಿ. ಆದರೆ ಒಗೆದದ್ದನ್ನು ಕೊನೆಯ ಸಲ ಜಾಲಿಸುವ ನೀರಿಗೆ ಪರಿಮಳದ ನೀಲಿ ದ್ರಾವಣವನ್ನು ಮುಚ್ಚಳದಲ್ಲಿ ಅಳೆದು ಸುರಿಯುವ ಕೆಲಸವನ್ನು ಅವರು ಯಾರಿಗೂ ಬಿಟ್ಟುಕೊಟ್ಟವರಲ್ಲ. ಅದು ಬಿದ್ದರೆ ಬಟ್ಟೆ ಮೆತ್ತಗೆ, ಘಮಘಮ. ಜನ ಈ ಹೋಟೆಲಿಗೆ ಮತ್ತೆ ಮತ್ತೆ ಬರುವುದೇ ಟವೆಲಿನ ವಾಸನೆಗೆ ಎಂದು ಮ್ಯಾನೇಜರೊಬ್ಬ ಯಾವತ್ತೋ ಹೇಳಿದ್ದನಂತೆ. ಆ ಮ್ಯಾನೇಜರು ಹೋಗಿ, ಅವನ ಕುರ್ಚಿಗೆ ಇನ್ನಿಬ್ಬರು ಬಂದು ಹೋದರೂ ಮೇಸ್ತ್ರಿ ಆ ಮಾತನ್ನು ಮಾತ್ರ ಬಿಟ್ಟಿರಲಿಲ್ಲ.

ನಿವೃತ್ತರಾದ ಮೂರನೇ ತಿಂಗಳಿಗೆ ಮೊಮ್ಮಗಳು ಹುಟ್ಟಿದಳು. ಚೋಟುದ್ದ ಇದ್ದಳೆಂದು ಎಲ್ಲರ ಬಾಯಲ್ಲೂ ಚೋಟಿಯಾದಳು. ಹೆಂಡತಿ ತೀರಿಕೊಂಡು ಆರು ವರ್ಷವಾಗಿತ್ತು, ಮಗನಿಗೆ ಪಾಳಿಯ ಕೆಲಸ. ಎರಡು ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದು ತಿಳಿಯದೆ ಮನೆಯೊಳಗೆ ಸುತ್ತು ಹಾಕುತ್ತಿದ್ದ ಮೇಸ್ತ್ರಿಗೆ ಏಕಾಏಕಿ ದಿನಕ್ಕೆ ಹದಿನೈದು ಲಂಗೋಟಿ, ಆರು ಅಂಗಿ, ಹಾಸುಬಟ್ಟೆ ಬೇರೆ. "ಇದು ನನ್ನ ಇಲಾಖೆ, ಇದಕ್ಕೆ ಯಾರೂ ಕೈ ಹಾಕ್ಬೇಡಿ," ಎಂದು ಸಾರಿಬಿಟ್ಟರು. ತಮ್ಮ ಮಗ ಕೂಸಾಗಿದ್ದಾಗ ಅವನದೊಂದು ಬಟ್ಟೆಯನ್ನೂ ಅವರು ಹಿಂಡಿದವರಲ್ಲ. ಊರವರ ಹಾಸಿಗೆಯನ್ನೆಲ್ಲ ಒಗೆಸಿ ಮನೆಗೆ ಬರುವಷ್ಟರಲ್ಲಿ ಕೂಸು ಮಲಗಿರುತ್ತಿತ್ತು. ಆಗ ಮಾಡಲಾಗದ್ದನ್ನು ಈಗಲಾದರೂ ಮಾಡೋಣ ಎಂಬ ಆಸೆ. ಅದರಲ್ಲಿ ತಪ್ಪೇನಿದೆ, ಹೇಳಿ.

ಸೊಸೆ ಸರ್ವೆ ಆಫೀಸಿನಲ್ಲಿ ನಕ್ಷೆ ಬರೆಯುವವಳು, ಹೆರಿಗೆ ರಜೆಯಲ್ಲಿದ್ದಳು. ಗೆರೆ ಒಂದು ಕೂದಲೆಳೆಯಷ್ಟು ಆಚೀಚೆಯಾದರೂ ಅವಳಿಗೆ ಸಮಾಧಾನವಿಲ್ಲ. ಎರಡನೇ ತಿಂಗಳಲ್ಲಿ ಒಂದು ದಿನ, ಮಡಚಿಟ್ಟ ಲಂಗೋಟಿಯೊಂದನ್ನು ಮೂಗಿಗೆ ಹಿಡಿದು, "ಮಾವ, ವಾಸನೆ ಸ್ವಲ್ಪ ಜೋರಾಯ್ತೇನೋ. ಮಗೂ ಬಟ್ಟೆಗೆ ಅದು ಬೇಡ ಅಲ್ವಾ?" ಎಂದಳು.

"ಸರಿ ಕಣಮ್ಮ. ಹಾಕಲ್ಲ ಬಿಡು," ಎಂದರು ಮೇಸ್ತ್ರಿ.

ಹೇಳಿದ್ದು ನಿಜ. ಮಾರನೆಯ ದಿನ ಹಾಕದೆ ಒಗೆದದ್ದೂ ನಿಜ. ಆದರೆ ಒಣಗಿದ ಮೇಲೆ ಮುಟ್ಟಿ ನೋಡಿದರೆ ಬಟ್ಟೆ ರಟ್ಟಿನ ಹಾಗೆ ಬಿರುಸಾಗಿತ್ತು, ಮೂಸಿದರೆ ಏನೆಂದರೆ ಏನೂ ಇಲ್ಲ. ಇಂಥದ್ದನ್ನು ಹೋಟೆಲಿನ ಮೇಲಂತಸ್ತಿಗೆ ಕಳಿಸಿದ್ದರೆ ಹೋದ ದಾರಿಯಲ್ಲೇ ವಾಪಸು ಬರುತ್ತಿತ್ತು. ಇದನ್ನು ನನ್ನ ಮೊಮ್ಮಗಳಿಗೆ ಸುತ್ತುವುದೇ? ಮೇಸ್ತ್ರಿಯ ಮನಸ್ಸು ಸುತರಾಂ ಒಪ್ಪಲಿಲ್ಲ. ಕೊನೆಗೆ ನಡುವೆ ಒಂದು ದಾರಿ ಕಂಡುಕೊಂಡರು: ಪೂರ್ತಿ ಮುಚ್ಚಳದ ಬದಲು ಅರ್ಧ ಮುಚ್ಚಳ. ಸೊಸೆಯ ಮೂಗಿಗೆ ತಿಳಿಯಬಾರದು, ತಮ್ಮ ಬೆರಳಿಗೆ ತಿಳಿಯಬೇಕು, ಅಷ್ಟು. ಬಾಟಲಿಯನ್ನು ತಾರಸಿಯ ಮೇಲೆ ನೀರಿನ ಟ್ಯಾಂಕಿನ ಹಿಂದೆ ಇಟ್ಟರು. ಬಚ್ಚಿಟ್ಟದ್ದಲ್ಲವಂತೆ, ಸುಮ್ಮನೆ ಇಟ್ಟದ್ದಂತೆ. ಹಾಗಂತ ತಮಗೆ ತಾವೇ ಹೇಳಿಕೊಂಡರು.

ಚೋಟಿಗೆ ಮೂರು ತಿಂಗಳು ತುಂಬುವ ಹೊತ್ತಿಗೆ ತೊಡೆಸಂದು ಕೆಂಪಾಯಿತು. ಒದ್ದೆಗೆ ಎಲ್ಲ ಮಕ್ಕಳಿಗೂ ಆಗುವುದೇ ಎಂದುಕೊಂಡರು. ಸೊಸೆ ಲಂಗೋಟಿ ಒದ್ದೆಯಾಯಿತೋ ಇಲ್ಲವೋ ಬದಲಿಸುತ್ತಿದ್ದಳು. ಬರೀ ನೀರಿನಲ್ಲಿ ತೊಳೆದು, ಉಜ್ಜದೆ ಒತ್ತಿ ಒರೆಸಿ, ಸ್ವಲ್ಪ ಹೊತ್ತು ಗಾಳಿಗೆ ಬಿಟ್ಟು, ಆಮೇಲೆ ಬಿಳಿ ಮುಲಾಮನ್ನು ದಪ್ಪಗೆ ಬಳಿಯುತ್ತಿದ್ದಳು. ಎರಡು ದಿನ ಇಳಿಯುವುದು, ಮೂರನೆಯ ದಿನ ಮತ್ತೆ ಏರುವುದು. ಆಮೇಲೆ ಕತ್ತಿನ ಮಡಿಕೆಗೆ ಬಂತು, ಮಣಿಕಟ್ಟಿಗೆ ಬಂತು, ಕೆನ್ನೆಗೂ ಬಂತು. ಚರ್ಮ ಒರಟಾಗಿ, ಬಿರಿದು, ನೀರು ಜಿನುಗತೊಡಗಿತು. ಕೂಸಿಗೆ ಸರಿಯಾಗಿ ಕೆರೆದುಕೊಳ್ಳಲೂ ಬಾರದು. ತಲೆಯನ್ನು ಹಾಸಿಗೆಗೆ ತಿಕ್ಕಿ ತಿಕ್ಕಿ ಅಳುತ್ತಿತ್ತು. ಪಾಪ, ಬಟ್ಟೆಯಾದರೂ ಇನ್ನಷ್ಟು ಮೆತ್ತಗಿರಲಿ ಎಂದು ಮೇಸ್ತ್ರಿ ಅರ್ಧ ಮುಚ್ಚಳವನ್ನು ಮುಕ್ಕಾಲು ಮಾಡಿದರು.

ಅವರಿಗೆ ಹೊಳೆಯಲೇ ಇಲ್ಲವೇ ಅಂತ ಕೇಳಬೇಡಿ. ಸ್ವಂತ ಕೈಯ ಮೇಲೆ ಯಾರಿಗೆ ಅನುಮಾನ ಬರುತ್ತದೆ? ಅವರಿಗೆ ಅನುಮಾನ ಬಂದದ್ದು ಸೊಸೆಯ ಊಟದ ಮೇಲೆ. ಒಂದು ಮಧ್ಯಾಹ್ನ ಅವಳು ಬೇಯಿಸಿದ ಮೊಟ್ಟೆ ಸುಲಿಯುತ್ತಾ ಕೂತಿದ್ದಾಗ, "ನೀನು ತಿಂದದ್ದೇ ತಾನೇ ಅದರ ಹೊಟ್ಟೆಗೂ ಹೋಗೋದು. ಸ್ವಲ್ಪ ನೋಡ್ಕೊಂಡು ತಿನ್ನಮ್ಮ," ಎಂದರು.

ಅಷ್ಟೇ ಮಾತು. ಬೈದದ್ದಲ್ಲ, ಗದರಿದ್ದಲ್ಲ. ಸೊಸೆ ಸುಲಿದ ಮೊಟ್ಟೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಅಂದಿನಿಂದ ಒಂದು ನೋಟ್‌ಬುಕ್ ಶುರುವಾಯಿತು. ಸ್ಕೇಲು ಇಟ್ಟು ಗೆರೆ ಹೊಡೆದು ಚೌಕ ಮಾಡಿದ್ದಳು: ತಾನು ಏನು ತಿಂದೆ, ಎಷ್ಟು ಸಲ ಹಾಲು ಕುಡಿಸಿದೆ, ಇವತ್ತು ಕೆಂಪು ಎಲ್ಲೆಲ್ಲಿದೆ. ಮೊಟ್ಟೆ ಬಿಟ್ಟಳು. ಹಾಲು, ಮೊಸರು ಬಿಟ್ಟಳು. ಕಡಲೆಕಾಯಿ, ಮೀನು, ಗೋಧಿ, ಟೊಮೆಟೊ, ಒಂದೊಂದನ್ನೇ ಬಿಡುತ್ತಾ ಹೋದಳು. ಕೊನೆಗೆ ಉಳಿದದ್ದು ಅನ್ನ ಮತ್ತು ಎರಡು ಥರದ ಬೇಯಿಸಿದ ತರಕಾರಿ. ಕೆನ್ನೆ ಒಳಗೆ ಹೋಯಿತು, ಉಂಗುರ ಬೆರಳಿನಲ್ಲಿ ತಿರುಗತೊಡಗಿತು. "ಅಪ್ಪನ ಲಾಂಡ್ರಿ ಹ್ಯಾಂಗರಿಗೂ ನಿನಗೂ ಏನೂ ವ್ಯತ್ಯಾಸ ಇಲ್ಲ ಈಗ," ಎಂದು ಮಗ ನಗಿಸಲು ನೋಡಿದ. ಅವಳು ನಗಲಿಲ್ಲ.

ಐದನೇ ತಿಂಗಳಲ್ಲಿ ಚರ್ಮದ ಡಾಕ್ಟರ ಹತ್ತಿರ ಹೋದರು. ಮಗನಿಗೆ ರಜೆ ಸಿಗದ್ದರಿಂದ ಜೊತೆಗೆ ಹೋದದ್ದು ಮೇಸ್ತ್ರಿ. ಡಾಕ್ಟರಮ್ಮ ನಡುವಯಸ್ಸಿನವರು, ಅವಸರದ ಸ್ವಭಾವವಲ್ಲ. ಚೋಟಿಯ ಬಟ್ಟೆ ಬಿಚ್ಚಿಸಿ ಮಲಗಿಸಿಕೊಂಡು, ಒಂದೊಂದೇ ಮಡಿಕೆ ಬಿಡಿಸಿ ನೋಡಿದರು.

"ಇದು ಎಕ್ಸಿಮಾ. ಈ ಮಗೂಗೆ ಹುಟ್ಟಿನಿಂದಲೇ ಸೂಕ್ಷ್ಮ ಚರ್ಮ, ಅದು ಯಾರ ತಪ್ಪೂ ಅಲ್ಲ," ಎಂದರು. "ಆದ್ರೆ ಏನೋ ಒಂದು ಇದನ್ನ ದಿನಾ ಕೆಣಕ್ತಾ ಇದೆ. ಊಟದ ವಿಷಯ ಆಮೇಲೆ ನೋಡೋಣ, ಮೊದಲು ಮೈಗೆ ತಾಗೋದು ಏನೇನು ಹೇಳಿ. ಸ್ನಾನಕ್ಕೆ?"

"ಉಗುರುಬೆಚ್ಚಗಿನ ನೀರು ಅಷ್ಟೇ. ಐದು ನಿಮಿಷ," ಎಂದಳು ಸೊಸೆ.

"ಒಳ್ಳೇದು. ಬಟ್ಟೆ?"

"ಬಟ್ಟೆ ನಮ್ಮ ಮಾವ ನೋಡ್ಕೋತಾರೆ. ಅದರಲ್ಲಿ ಅವರನ್ನ ಬಿಟ್ಟರಿಲ್ಲ ಡಾಕ್ಟ್ರೇ," ಎಂದು ಅವಳು ಮಾವನ ಕಡೆ ತಿರುಗಿದಳು. ಎರಡು ತಿಂಗಳಲ್ಲಿ ಅವಳ ಮುಖದ ಮೇಲೆ ಕಂಡ ಮೊದಲ ನಗು ಅದು.

"ಕೊನೇ ನೀರಿಗೆ ಏನಾದ್ರೂ ಹಾಕ್ತೀರಾ ಯಜಮಾನ್ರೇ? ಮೆತ್ತಗಾಗಲಿ ಅಂತ, ವಾಸನೆ ಇರಲಿ ಅಂತ? ಇಂಥ ಮಕ್ಕಳಿಗೆ ಅದು ಒಂದು ತೊಟ್ಟೂ ಆಗಿಬರಲ್ಲ."

ಕೊನೆಯ ನೀರು ಎಂಬ ಮಾತನ್ನು ಇನ್ನೊಬ್ಬರ ಬಾಯಲ್ಲಿ, ಅದೂ ಹೀಗೆ, ಮೇಸ್ತ್ರಿ ಕೇಳಿದವರೇ ಅಲ್ಲ. ಸೊಸೆ ಇನ್ನೂ ಅವರನ್ನೇ ನೋಡುತ್ತಿದ್ದಳು. ಹಾಕುತ್ತೇನೆ ಎಂದರೆ, ಮೂರು ತಿಂಗಳ ಹಿಂದೆ ಹಾಕಲ್ಲ ಎಂದದ್ದು ಸುಳ್ಳಾಗುತ್ತದೆ. ಕೂಸಿನ ಮೈ ಸುಟ್ಟದ್ದು ಈ ಕೈ ಎಂದಾಗುತ್ತದೆ. ಮೂವತ್ತನಾಲ್ಕು ವರ್ಷದ ಹೆಸರು ಆ ಒಂದು ಕೋಣೆಯಲ್ಲಿ, ಕೂಸುಗಳನ್ನು ತೂಗುವ ಒಂದು ತಕ್ಕಡಿಯ ಪಕ್ಕದಲ್ಲಿ ಹೋಗಿಬಿಡುತ್ತದೆ.

"ಇಲ್ಲ ಡಾಕ್ಟ್ರೇ," ಎಂದರು. "ಸೋಪು, ನೀರು, ಅಷ್ಟೇ. ಇವಳು ಬೇಡ ಅಂದ್ಲಲ್ಲ, ಅವತ್ತಿಂದ ಮುಟ್ಟಿಲ್ಲ."

ಡಾಕ್ಟರಮ್ಮ ಕಾಗದದ ಮೇಲೆ ಒಂದು ಗುರುತು ಹಾಕಿಕೊಂಡು ಮುಂದಿನ ಪ್ರಶ್ನೆಗೆ ಹೋದರು. ಕೊನೆಗೆ, ಸ್ನಾನವಾದ ಕೂಡಲೇ ಮೈ ಇನ್ನೂ ಹಸಿ ಇರುವಾಗಲೇ ಹಚ್ಚಲು ವಾಸನೆಯಿಲ್ಲದ ಮುಲಾಮು, ಹೆಚ್ಚು ಕೆಂಪಾದ ಕಡೆ ಕೆಲವೇ ದಿನ ತೆಳ್ಳಗೆ ಹಚ್ಚಲು ಇನ್ನೊಂದು, ಎರಡನ್ನೂ ಬರೆದುಕೊಟ್ಟರು. "ಎರಡು ವಾರ ಬಿಟ್ಟು ಬನ್ನಿ. ಹೊರಗಿಂದೇನೂ ಇಲ್ಲ ಅಂದ್ರೆ ಆಗ ಊಟದ ಕಡೆ ನೋಡೋಣ. ಆದ್ರೆ ನನ್ನ ಕೇಳದೆ ಎದೆಹಾಲು ಬಿಡಿಸ್ಬೇಡಿ."

ಬಸ್ಸಿನಲ್ಲಿ ಚೋಟಿ ನಿದ್ದೆ ಹೋಯಿತು. ಸೊಸೆ ಕಿಟಕಿಯಾಚೆ ನೋಡುತ್ತಾ, "ಹೊರಗಿಂದ ಅಲ್ಲ ಅಂದ್ರೆ ಒಳಗಿಂದ್ಲೇ ಮಾವ. ನನ್ನಿಂದ್ಲೇ," ಎಂದಳು.

ಆಗಲಾದರೂ ಹೇಳಬಹುದಿತ್ತು. ಪಕ್ಕದ ಸೀಟಿನಲ್ಲೇ ಕೂತಿದ್ದರು, ಬಸ್ಸಿನಲ್ಲಿ ಜನವೂ ಇರಲಿಲ್ಲ. ಮಾತು ನಾಲಿಗೆಯ ತುದಿಗೆ ಬಂದು ನಿಂತಿತ್ತು. ಮೂರು ಸ್ಟಾಪು ದಾಟುವವರೆಗೂ ಅಲ್ಲೇ ಇತ್ತು. ಮನೆಗೆ ಹೋದ ಕೂಡಲೇ ಬಾಟಲಿ ಚೆಲ್ಲಿಬಿಡುತ್ತೇನೆ, ಮೈ ತಾನಾಗಿ ವಾಸಿಯಾಗುತ್ತದೆ, ಹೇಳಿ ಯಾಕೆ ರಂಪ ಮಾಡಿಕೊಳ್ಳಬೇಕು ಎಂದು ಲೆಕ್ಕ ಹಾಕಿದರು. ಆ ಹಾಳು ಲೆಕ್ಕ ಅವರಿಗೆ ಅಷ್ಟು ಸಲೀಸಾಗಿ ಕಂಡಿತು ನೋಡಿ.

ಮಾಡಿದ್ದೂ ಹಾಗೆಯೇ. ಬಾಟಲಿಯನ್ನು ಮೋರಿಗೆ ಸುರಿದರು. ಕಪಾಟಿನಲ್ಲಿದ್ದ ಲಂಗೋಟಿ, ಅಂಗಿಗಳನ್ನೆಲ್ಲ ತೆಗೆದು ನಾಲ್ಕು ನಾಲ್ಕು ನೀರಿನಲ್ಲಿ ಜಾಲಿಸಿದರು. ಅವರು ತಾರಸಿಯಲ್ಲಿ ತುಟಿ ಪಿಟಕ್ಕೆನ್ನದೆ ಹಿಂಡುತ್ತಿದ್ದ ಆ ವಾರವೇ ಸೊಸೆ, ಎರಡು ವಾರ ಕಾಯುವ ತಾಳ್ಮೆಯಿಲ್ಲದೆ, ಅಲರ್ಜಿ ಇರುವ ಮಕ್ಕಳಿಗೆಂದೇ ಸಿಗುವ ಡಬ್ಬಿ ಹಾಲು ತಂದಳು. ಚೋಟಿ ಬಾಟಲಿಯನ್ನು ತಳ್ಳಿ ತಾಯಿಯ ಕುಪ್ಪಸ ಹುಡುಕಿ ಹುಡುಕಿ ಅತ್ತಿತು. ಎದೆಯಲ್ಲಿ ಹಾಲು ಕಟ್ಟಿಕೊಂಡು ಸೊಸೆಗೆ ಜ್ವರ ಬಂತು. ತಣ್ಣೀರಿನ ಬಟ್ಟೆ ಇಟ್ಟುಕೊಂಡು ಗೋಡೆಗೆ ಮುಖ ಮಾಡಿ ಮಲಗಿದಳು. ಆ ಬಟ್ಟೆಗಳನ್ನೂ ಮೇಸ್ತ್ರಿಯೇ ಒಗೆದರು.

ಹತ್ತು ದಿನದಲ್ಲಿ ಚೋಟಿಯ ಮೈ ತಿಳಿಯಾಯಿತು.

"ನೋಡಿದ್ರಾ ಮಾವ? ನನ್ನ ಹಾಲೇ," ಎಂದಳು ಸೊಸೆ. ಅಷ್ಟರಲ್ಲಿ ಹಾಲು ಬತ್ತಿತ್ತು. ಕೇಳದೆ ಬಿಡಿಸಿದ್ದಕ್ಕೆ ಡಾಕ್ಟರಮ್ಮ ಬೇಸರಪಟ್ಟರು, ಮಗು ಚೆನ್ನಾಗಿರುವುದನ್ನು ಕಂಡು ಸುಮ್ಮನಾದರು.

ಮುಲಾಮಿನಿಂದ ವಾಸಿಯಾಯಿತೇನೋ, ಡಬ್ಬಿ ಹಾಲಿನಿಂದಲೇ ಇರಬಹುದೇನೋ ಎಂದು ಮೇಸ್ತ್ರಿ ಕೆಲವು ದಿನ ತಮ್ಮನ್ನು ತಾವೇ ಸಮಾಧಾನ ಮಾಡಿಕೊಂಡರು. ಅದೂ ಉಳಿಯಲಿಲ್ಲ. ಒಂದು ತಿಂಗಳ ಮೇಲೆ ಮಗ ಕಪಾಟಿನ ತಳದಿಂದ ಯಾವುದೋ ಹಳೆಯ ಹಾಸುಬಟ್ಟೆ ಎಳೆದು ಚೋಟಿಯನ್ನು ಮಲಗಿಸಿದ. ಜಾಲಿಸುವಾಗ ತಪ್ಪಿಸಿಕೊಂಡದ್ದು ಅದೊಂದೇ, ಇನ್ನೂ ಘಮ್ಮೆನ್ನುತ್ತಿತ್ತು. ಕೂಸು ಎಡಕ್ಕೆ ತಿರುಗಿ ಮಲಗಿತ್ತು. ಎದ್ದಾಗ ಎಡಗೆನ್ನೆ ಮಾತ್ರ ಕೆಂಪು. ಮೇಸ್ತ್ರಿ ಆ ಬಟ್ಟೆಯನ್ನು ಸುತ್ತಿ ಕಂಕುಳಲ್ಲಿಟ್ಟುಕೊಂಡು ತಾರಸಿಗೆ ಹೋಗಿ, ಟ್ಯಾಂಕಿನ ಹಿಂದೆ ಕೂತು ಅತ್ತರು. ಅತ್ತು ಮುಖ ತೊಳೆದುಕೊಂಡು ಕೆಳಗೆ ಬಂದರು. ಆಗಲೂ ಹೇಳಲಿಲ್ಲ.

ಆಮೇಲೆ ಹೇಳುವುದಕ್ಕೆ ಹೊತ್ತೇ ಕೂಡಿಬರಲಿಲ್ಲ, ಅಥವಾ ಅವರೇ ಕೂಡಿಸಲಿಲ್ಲ. ಎದುರು ಮನೆಯವಳಿಗೆ, ಆಫೀಸಿನ ಗೆಳತಿಯರಿಗೆ ಸೊಸೆ, "ನನ್ನ ಹಾಲೇ ನನ್ನ ಮಗೂಗೆ ಆಗಲಿಲ್ಲ ಕಣ್ರೀ," ಎಂದು ಹೇಳುತ್ತಿದ್ದಳು. ನಗುನಗುತ್ತಲೇ ಹೇಳುತ್ತಿದ್ದಳು. ಪ್ರತಿ ಸಲವೂ ಮೇಸ್ತ್ರಿ ಏನಾದರೊಂದು ಕೆಲಸ ನೆನಪಾಗಿ ಎದ್ದು ಹೋಗುತ್ತಿದ್ದರು.

ಚೋಟಿಗೆ ಎರಡೂವರೆ ವರ್ಷವಾದಾಗ ಸೊಸೆಗೆ ಮತ್ತೆ ಏಳು ತಿಂಗಳು. ಒಂದು ಭಾನುವಾರ ಮಧ್ಯಾಹ್ನ ಅವಳು ಅಟ್ಟದಿಂದ ಹಳೆಯ ಪೆಟ್ಟಿಗೆ ಇಳಿಸಿಕೊಂಡು, ಪುಟ್ಟ ಅಂಗಿ, ಲಂಗೋಟಿಗಳನ್ನು ಒಂದು ಬುಟ್ಟಿಗೆ ತುಂಬಿ, ಊಟದ ಮೇಜಿನ ಮೇಲೆ ಮಾವನ ಮುಂದೆ ಇಟ್ಟಳು.

"ಇವನ್ನ ಒಂದ್ಸಲ ಒಗೆದಿಡ್ತೀರಾ ಮಾವ? ಆಮೇಲೆ, ನಿನ್ನೆ ಆಸ್ಪತ್ರೇಲಿ ನರ್ಸ್ ಹತ್ರ ಬರೆಸಿ ಬಂದೆ. ಈ ಸಲ ಮೊದಲ್ನೇ ದಿನದಿಂದಲೇ ಡಬ್ಬಿ ಹಾಲು. ಒಂದು ಸಲಾನೂ ಎದೆಗೆ ಹಾಕ್ಕೊಳ್ಳಲ್ಲ. ಇನ್ನೊಂದು ಮಗೂಗೆ ವಿಷ ಕುಡಿಸೋಕೆ ನನ್ನಿಂದಾಗಲ್ಲ."

ಮೇಸ್ತ್ರಿ ಬುಟ್ಟಿಯ ಅಂಚು ಹಿಡಿದುಕೊಂಡರು. ಎದ್ದು ಹೋಗಲು ಈ ಸಲ ಯಾವ ಕೆಲಸವೂ ನೆನಪಾಗಲಿಲ್ಲ.

"ಅದು ನಿನ್ನ ಹಾಲಲ್ಲ ಕಣಮ್ಮ," ಎಂದರು. "ನಾನು."

ಎಲ್ಲ ಹೇಳಿದರು. ಅರ್ಧ ಮುಚ್ಚಳ, ಮುಕ್ಕಾಲು ಮುಚ್ಚಳ, ಟ್ಯಾಂಕಿನ ಹಿಂದಿನ ಬಾಟಲಿ, ಎಡಗೆನ್ನೆ. ಹೇಳುವಾಗ ಅವರ ದನಿ ಮಗ್ಗಿ ಒಪ್ಪಿಸುವ ಹುಡುಗನ ದನಿಯ ಹಾಗಿತ್ತು.

"ಡಾಕ್ಟ್ರು ಕೇಳಿದಾಗ?" ಎಂದಳು ಕೊನೆಗೆ.

"ಸುಳ್ಳು ಹೇಳಿದೆ."

"ಅವತ್ತು ಬೆಳಗ್ಗೆನೂ ಹಾಕಿದ್ರಾ?"

"ಹೂಂ."

ಅವಳು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡಳು. "ಹಾಗಾದ್ರೆ ಇದಕ್ಕೆ ಕುಡಿಸಬಹುದು," ಎಂದಳು. ಅವರಿಗೆ ಹೇಳಿದ್ದಲ್ಲ ಅದು. ಆಮೇಲೆ ಒಳಗೆ ಹೋದಳು. ಮೇಸ್ತ್ರಿ ಬೈಗುಳಕ್ಕೆ ಕಾದರು. ಬೈದರೆ ಸಾಕು, ಎರಡು ಏಟು ಹಾಕಿದರೂ ಆಗಬಹುದು ಎನಿಸಿತ್ತು. ಬಂದಾಗ ಅವಳ ಕೈಯಲ್ಲಿ ಆ ನೋಟ್‌ಬುಕ್ ಇತ್ತು. ನಿಂತುಕೊಂಡೇ ಹಾಳೆ ತಿರುವಿದಳು, ಒಂದು ಕಡೆ ಬೆರಳಿಟ್ಟಳು.

"ಸೋಮವಾರ. ಡಾಕ್ಟ್ರ ಹತ್ರ ಹೋದ ದಿನ," ಎಂದು ಓದತೊಡಗಿದಳು. "ಬೆಳಗ್ಗೆ ಆರಕ್ಕೆ. ಎಂಟೂವರೆಗೆ. ಹನ್ನೊಂದಕ್ಕೆ, ಆಸ್ಪತ್ರೆ ಬೆಂಚಿನ ಮೇಲೆ. ಎರಡಕ್ಕೆ. ಐದಕ್ಕೆ. ಎಂಟಕ್ಕೆ. ಆರು ಸಲ ಕುಡಿಸಿದೀನಿ ಮಾವ. ಅವತ್ತು ನನಗಿನ್ನೂ ಹಾಲಿತ್ತು."

ಮೇಸ್ತ್ರಿಯ ಕೈ ಅಭ್ಯಾಸಬಲದಿಂದ ಬುಟ್ಟಿಯ ಕಡೆ ಹೋಯಿತು, ಒಂದು ಲಂಗೋಟಿ ಎತ್ತಿ ಮಡಚತೊಡಗಿತು. ಸೊಸೆ ನೋಟ್‌ಬುಕ್ ಮುಚ್ಚಿಟ್ಟು, ಆ ಲಂಗೋಟಿಯನ್ನು ಅವರ ಬೆರಳುಗಳಿಂದ ಮೆಲ್ಲಗೆ ಬಿಡಿಸಿಕೊಂಡು ಬುಟ್ಟಿಗೆ ಹಾಕಿದಳು.

"ಇವನ್ನ ನಾನೇ ಒಗೀತೀನಿ," ಎಂದು ಬುಟ್ಟಿಯನ್ನು ಸೊಂಟಕ್ಕೇರಿಸಿಕೊಂಡು ತಾರಸಿಯ ಮೆಟ್ಟಿಲು ಹತ್ತಿದಳು.