ಅಣೆಕಟ್ಟಿನ ಹಸಿ ಮಣ್ಣು

ಎರಡು ವರ್ಷ ನನ್ನ ಮೀನಿನ ಬುಟ್ಟಿಯ ಅನ್ನ ತಿಂದವರಿಗೆ ಇಷ್ಟು ಗರ್ವ ಯಾಕೆ, ಅಂದೇ ಬಿಟ್ಟೆ, ಗಂಡನಿಗೆ ಅನ್ನಬಾರದಿತ್ತೋ ಏನೋ, ಬೀಸುಬಲೆ ಹೆಗಲಿಗೇರಿಸಿ ಇವರು ಹೊರಟೇ ಬಿಟ್ಟರು, ಬಾಯಿ ಮುಚ್ಚು ವಿನೋದಾ, ಇದು ಕಟಪಾಡಿ ಮಾರ್ಕೆಟ್ ಅಲ್ಲ, ಅಂದರು — ಅಲ್ಲ, ಹೌದು, ಕೆಸರು ನಾರುವ ಅಣೆಕಟ್ಟಿನ ಮೀನನ್ನು ಕಟಪಾಡಿಯಲ್ಲಿ ಯಾರು ಮೂಸಿ ನೋಡುತ್ತಾರೆ, ದೊಡ್ಡ ಬೋಟುಗಳು ಬಂದು ದಡಕ್ಕೆ ಎಳೆಯುವ ರಂಪಣಿ ಬಲೆ ಮೂಲೆ ಸೇರಿದ ಮೇಲೆ ನಮ್ಮ ಉಚ್ಚಿಲದ ಗಂಡಸರೆಲ್ಲ ಹೀಗೇ, ಕೆಲಸವಿಲ್ಲದೆ ಕೂತವರು, ಬಸ್ಸಿನಲ್ಲಿ ಯಾರೋ ಹೇಳಿದರಂತೆ, ಅಜೆಕಾರಿನಾಚೆ ಗುಡ್ಡದ ಅಣೆಕಟ್ಟು ಬತ್ತಿದೆ, ಮೀನೆಲ್ಲ ನಡುವಿನ ಗುಂಡಿಯಲ್ಲಿ ಉಂಟು, ಬಲೆ ಬೀಸಿದರೆ ಆಯಿತು, ಅಷ್ಟಕ್ಕೇ ಹೊರಟದ್ದು, ಬಾವಿಗಳೇ ಒಣಗಿದ ಈ ವರ್ಷ, ಈ ಬಿಸಿಲಿಗೆ.

ಕಾಲಡಿಯಲ್ಲಿ ಬಿರಿದ ಮಣ್ಣು, ಆಚೆ ಕಪ್ಪಗೆ ಹೊಳೆಯುವ ಹಸಿ, ಅದರಾಚೆ ಇಷ್ಟೇ ಇಷ್ಟು ನೀರು, ಕಟ್ಟೆಯ ಮೇಲೆ ಆಡು ಮೇಯಿಸುತ್ತಿದ್ದ ಅಜ್ಜಿ ಆಗಲೇ ಹೇಳಿದ್ದಳು, ಅಲ್ಲಿ ಇಳಿಯಬೇಡಿ ಮಾರಾಯ್ರೆ, ನಮ್ಮ ಎಮ್ಮೆ ಹೋದದ್ದು ಅಲ್ಲೇ, ಕೊಂಬೂ ಸಿಗಲಿಲ್ಲ, ಇವರು ನಕ್ಕರು, ನಿಮ್ಮ ಎಮ್ಮೆ ಸಮುದ್ರ ನೋಡಿತ್ತಾ ಅಜ್ಜಿ, ಹಸಿ ಇದ್ದಲ್ಲಿ ನೆಲ ಗಟ್ಟಿ, ಒಣಗಿದಲ್ಲೇ ಕಾಲು ಹೂತುಹೋಗುವುದು, ನಾನೂ ತಲೆಯಾಡಿಸಿದೆ, ನಮ್ಮ ಕಡಲಿನಲ್ಲಿ ಹಾಗೇ ಅಲ್ವಾ, ಬುಟ್ಟಿ ಹೊತ್ತು ಓಡುವಾಗ ತೆರೆ ತೋಯಿಸಿದ ಮರಳಿನ ಮೇಲೇ, ಹೊಯ್ಗೆಯ ಮೇಲೇ ಓಡುತ್ತೇವೆ, ಅದು ಸಿಮೆಂಟಿನ ಹಾಗೆ — ಈಗ ನಾನು ನಿಂತ ಒಣ ಹೆಂಟೆಯೇ ಅಲುಗುತ್ತದೆ, ಒತ್ತಿದರೆ ಬಿರುಕಿನಿಂದ ಬೂದು ನೀರು ಉಕ್ಕುತ್ತದೆ, ಕೈಗೆ ಸಿಕ್ಕ ಕೋಲು ಚುಚ್ಚಿದೆ, ಪೂರ್ತಿ ಹೋಯಿತು, ತಳ ಸಿಗಲಿಲ್ಲ, ಇದು ಹೊಯ್ಗೆ ಅಲ್ಲ, ಹೊಯ್ಗೆಯೇ ಅಲ್ಲ, ನಿಲ್ಲಿ, ಓಯ್, ನಿಲ್ಲಿ, ಕೂಗಿದೆ, ಅದನ್ನೂ ಬೈಗುಳ ಅಂದುಕೊಂಡರು, ಹೋಗೇ ಎಂಬ ಹಾಗೆ ಬೆನ್ನ ಹಿಂದೆ ಕೈ ಆಡಿಸಿದರು, ನನ್ನ ಬಾಯಿಗೆ ಒಂದೇ ಸ್ವರ, ಕರೆದರೂ ಜಗಳ, ಅತ್ತರೂ ಜಗಳ, ಬೇರೆ ಸ್ವರ ಎಲ್ಲಿಂದ ತರಲಿ, ಹೆಜ್ಜೆಗಳು, ನಮ್ಮಲ್ಲಿ ತೆರೆ ಬಂದು ಒರೆಸುತ್ತದೆ, ಇಲ್ಲಿ ನಿಂತೇ ಇವೆ, ಮೊದಲು ಬೆರಳಷ್ಟು ಆಳ, ಆಮೇಲೆ ಹಿಮ್ಮಡಿ ಮುಳುಗುವಷ್ಟು, ಆಮೇಲೆ ಹೆಜ್ಜೆಯಲ್ಲ ಗುಂಡಿ, ಬಗ್ಗಿದರು, ಬಲೆ ಬೀಸುತ್ತಾರೆ ಅಂದುಕೊಂಡೆ, ಬಗ್ಗಿದ್ದಲ್ಲ, ಸೊಂಟದವರೆಗೆ, ಉಮಾನಾಥಾ, ಮದುವೆಯಾದ ಮೇಲೆ ಮೊದಲ ಸಲ ಹೆಸರು ಹಿಡಿದು ಕರೆದೆ, ಆಗ ತಿರುಗಿದರು, ತಿರುಗಿದ್ದಕ್ಕೇ ಎದೆಯವರೆಗೆ, ಬಾಯಿ ತೆರೆದರು, ಎಂತ ಹೇಳಿದರು, ಕೇಳಲಿಲ್ಲ, ಅಜ್ಜಿ ಕಟ್ಟೆಯಿಂದ ಇಳಿದು ಬಂದು ನನ್ನ ಸೆರಗು ಹಿಡಿದು ಎಳೆಯುತ್ತಾಳೆ, ನೀನು ಹೋಗಬೇಡ ಮಗಾ, ಹಗ್ಗ ತರುತ್ತೇನೆ, ಹಗ್ಗ ಎಲ್ಲಿ ಉಂಟು ಇಲ್ಲಿ, ಬಿಡಿ ನನ್ನನ್ನು, ಬಿಡುವುದಿಲ್ಲ, ಮಣ್ಣಿನ ಮೇಲೆ ಬಲೆ ಮಾತ್ರ ಹರಡಿ ಬಿದ್ದಿದೆ, ಸುತ್ತ ಯಾರೂ ಇಲ್ಲ, ಹೆಜ್ಜೆಗಳು ಅಲ್ಲಿಯವರೆಗೆ ಹೋಗಿವೆ, ಈ ಕಡೆಗೆ ಒಂದೂ ಇಲ್ಲ, ಒಂದೊಂದರಲ್ಲೂ ನೀರು ತುಂಬುತ್ತಿದೆ, ಹೆಜ್ಜೆಗಳು ಅಲ್ಲಿಯವರೆಗೆ, ಅಲ್ಲಿಯವರೆಗೆ