ಬಾಯವ್ವ ಹೇಳಿದ ಸಾಕ್ಷಿ

ಎತ್ತು ಕಳೆದರೆ ಮೊದಲು ಹುಡುಕಬೇಕಾದ್ದು ಎತ್ತನ್ನು. ನಮ್ಮ ಊರುಗಳಲ್ಲಿ ಮೊದಲು ಹುಡುಕುವುದು ಕಳ್ಳನನ್ನು. ನೇಸರಗಿಯಲ್ಲಿ ಆದದ್ದೂ ಅದೇ. ಕಾರಹುಣ್ಣಿಮೆಯ ಮಾರನೆಯ ದಿನ ಬೆಳಗಾಗುವಷ್ಟರಲ್ಲಿ ಬಸವಣ್ಣೆಪ್ಪನ ಎತ್ತು ಕೊಟ್ಟಿಗೆಯಲ್ಲಿ ಇರಲಿಲ್ಲ.

"ನಸಿಕಿನ್ಯಾಗ ಬುಡನಸಾಬ ಹೊಡಕೊಂಡು ಹೋಗೂದನ್ನ ನಾನಽ ನೋಡೇನಿ" ಎಂದು ಅವನ ನೆರೆಮನೆಯ ಬಾಯವ್ವ ಬಾವಿಯ ಹತ್ತಿರ ಅಂದಳು. ಅಂದದ್ದೇ ತಡ, ಸುದ್ದಿ ಊರೆಲ್ಲ ಸುತ್ತಿತು. ಮಧ್ಯಾಹ್ನದ ಹೊತ್ತಿಗೆ ಬುಡನಸಾಬನನ್ನು ತಂದು ಚಾವಡಿಯಲ್ಲಿ ಕೂರಿಸಿದರು. ಮರುದಿನ ಬೈಲಹೊಂಗಲದಿಂದ ಪೊಲೀಸ್ ಫೌಜದಾರರು ಬರುವವರಿದ್ದರು. ಸಾಕ್ಷಿ ಅಂತ ಇದ್ದವಳು ಬಾಯವ್ವ ಒಬ್ಬಳೇ.

ಸಂಜೆ ರೊಟ್ಟಿ ಬಡಿಯಲು ಕುಳಿತರೂ ಅವಳ ಮನಸ್ಸಿಗೆ ಸಮಾಧಾನವಿರಲಿಲ್ಲ. ಹಿತ್ತಲಾಚೆ ಬುಡನಸಾಬನ ಹೆಂಡತಿ ರಹೀಮಬಿ ಅಳುವುದು ಕೇಳುತ್ತಿತ್ತು. ಅಷ್ಟರಲ್ಲಿ ಮೈದುನನ ಹೆಂಡತಿ, ನೆಗೆಣ್ಣಿ ಗುರುಬಸವ್ವ ಬಂದಳು. ಅವಳ ಅಪ್ಪ ಬೈಲಹೊಂಗಲದಲ್ಲಿ ವಕೀಲರ ಕಾರಕೂನ. ಕೋರ್ಟಿನ ಮಾತು ಕೇಳುತ್ತಲೇ ಬೆಳೆದವಳು.

"ಯಕ್ಕಾ, ಬುಡನಸಾಬನ ಮಾರಿ ಕಂಡ್ಯೇನು?"

"ಮಾರಿ ಎಲ್ಲಿ ಕಾಣಬೇಕ? ನಡುವ ಹಿತ್ತಲ ಗ್ವಾಡಿ ಐತಲ್ಲ. ಅವನ ಕೆಂಪು ರುಮಾಲು ಕಂಡೆ."

"ಮತ್ತ ಎತ್ತು?"

"ಗಂಟಿ ಕೇಳ್ತು. ಅಂಥಾ ಗಂಟಿ ಬಸವಣ್ಣೆಪ್ಪನ ಎತ್ತಿಂದಽ. ನಿನ್ನಿ ಹಬ್ಬದಾಗ ಎತ್ತು ಓಡಿಸಿ ಕರಿ ಹರಿಯೂ ಮುಂದ ಊರೆಲ್ಲಾ ಕೇಳೈತಿ."

"ಅಂದ್ರ ನೀ ಕಂಡದ್ದು ರುಮಾಲು, ಕೇಳಿದ್ದು ಗಂಟಿ. ಕಳವು ಅನ್ನೂದು ನಿನ್ನ ಗುಮಾನಿ."

"ಎಲ್ಲಾ ಒಂದಽ ಅಲ್ಲೇನ?"

"ಹ್ಯಾಂಗ ಒಂದಾಕೈತಿ? ಕಂಡದ್ದು, ಕೇಳಿದ್ದು ಇದ್ದಂಗ ಹೇಳಿದ್ರ ಸಾಕ್ಷಿ. ಎತ್ತು ಅವನ ಕೊಟಿಗ್ಯಾಗ ಸಿಕ್ಕಿದ್ರ ಪುರಾವೆ. ಮನಸಿಗೆ ಹೊಳದದ್ದು ಬರೇ ಗುಮಾನಿ. ಅದರ ಮ್ಯಾಲೆ ಒಬ್ಬರನ್ನ ಜೇಲಿಗೆ ಕಳಸಬಾರದವಾ."

"ಈಗ ಮಾತು ತಿರುವಿದ್ರ ಊರಾಗ ನನ್ನ ಮರ್ಯಾದಿ ಏನಾಗಬೇಕ?"

"ನಿನ್ನ ಮರ್ಯಾದಿ ದೊಡ್ಡದೋ, ರಹೀಮಬಿ ಸಂಸಾರ ದೊಡ್ಡದೋ?"

ಹೆಂಚಿನ ಮೇಲಿನ ರೊಟ್ಟಿ ಸೀದು ಹೋಯಿತು.

ಮರುದಿನ ಚಾವಡಿಯ ಬಾಗಿಲಲ್ಲೇ ಬಸವಣ್ಣೆಪ್ಪ ಅಡ್ಡ ಬಂದ. "ನೋಡೇನಿ ಅಂತ ಗಟ್ಟ್ಯಾಗಿ ಹೇಳ ದೊಡವ್ವಾ" ಅಂದ. ಬಾಯವ್ವ ಅವನನ್ನು ದಾಟಿ ಒಳಗೆ ಹೋಗಿ ಫೌಜದಾರರ ಎದುರು ನಿಂತಳು. ಇದ್ದದ್ದನ್ನು ಹೇಳಿಬಿಟ್ಟಳು.

"ಸಾಹೇಬ್ರ, ನಾ ಎತ್ತು ನೋಡಿಲ್ರಿ. ಗ್ವಾಡಿ ಮ್ಯಾಲೆ ರುಮಾಲು ಕಂಡೆ, ಗಂಟಿ ಕೇಳಿದೆ. ಉಳದದ್ದು ನಾನಽ ಅಂದಕೊಂಡದ್ದರಿ."

ಕೂಡಿದ ಜನ ಗುಜುಗುಜು ಶುರುಮಾಡಿದರು. ಫೌಜದಾರರು ಬಸವಣ್ಣೆಪ್ಪನ ಕಡೆ ತಿರುಗಿ, "ನಿನ್ನ ಎತ್ತಿನ ಕೊಳ್ಳಾಗ ಗಂಟಿ ಇತ್ತೇನು?" ಎಂದು ಕೇಳಿದರು.

ಬಸವಣ್ಣೆಪ್ಪ ತಲೆ ಕೆರೆದುಕೊಂಡ. "ಇಲ್ರಿ. ಕರಿ ಹರಿದ ಮ್ಯಾಲೆ ಸಂಜೀಕಽ ಬಿಚ್ಚಿ ಗೂಟಕ್ಕ ಹಾಕೇನ್ರಿ."

"ನಾ ನಿನ್ನಿಯಿಂದ ಅದನ್ನಽ ಹೇಳಾಕ ಹತ್ತೇನ್ರಿ" ಎಂದ ಬುಡನಸಾಬ. "ಅದು ನನ್ನ ಎತ್ತು. ನಸಿಕಿನ್ಯಾಗ ನೀರು ಕುಡಸಾಕ ಹಳ್ಳಕ್ಕ ಒಯ್ದಿದ್ದೆ. ಹಬ್ಬದ ಗಂಟಿ ಇನ್ನೂ ಬಿಚ್ಚಿಲ್ಲ, ಬೇಕಾದ್ರ ನೋಡ್ರಿ."

ಫೌಜದಾರರು ಬಾಯವ್ವನನ್ನು ಅವಳ ಹಿತ್ತಲ ಗೋಡೆಯ ಒಳಗೆ ನಿಲ್ಲಿಸಿ, ಬುಡನಸಾಬನ ಎತ್ತನ್ನು ಆಚೆಯಿಂದ ನಡೆಸಿದರು. "ಇದಽ ಗಂಟಿ ರೀ!" ಎಂದು ಬಾಯವ್ವ ಕೂಗಿದಳು. ಬುಡನಸಾಬನನ್ನು ಆಗಲೇ ಬಿಟ್ಟು ಕಳಿಸಿದರು.

ಆಮೇಲೆ ಮುನವಳ್ಳಿಯಿಂದ ಸುದ್ದಿ ಬಂತು. ಬಸವಣ್ಣೆಪ್ಪನ ಎತ್ತು ಹಗ್ಗ ಕಿತ್ತುಕೊಂಡು, ತನ್ನನ್ನು ಮಾರಿದ ಹಳೆಯ ಒಡೆಯನ ಅಂಗಳಕ್ಕೆ ಹೋಗಿ ನಿಂತಿತ್ತಂತೆ! ಬಸವಣ್ಣೆಪ್ಪ ತಾನಾಗಿ ಬಂದು ಬುಡನಸಾಬನಿಗೆ ಕೈಮುಗಿದ.

ಬಾಯವ್ವನ ಎದೆಯ ಭಾರ ಇಳಿಯಿತು. ರಹೀಮಬಿಯ ಕೈ ಹಿಡಿದು ಅತ್ತಳು. "ನನ್ನ ಬಾಯಿಂದ ನಿನ್ನ ಮನಿ ಹಾಳಾಗತಿತ್ತವಾ."

"ಅದಽ ಬಾಯಿ ಉಳಿಸ್ತಲ್ಲಾ ಅಕ್ಕಾ" ಎಂದಳು ರಹೀಮಬಿ.

ಅಣ್ಣಂದಿರೇ, ಅಕ್ಕಂದಿರೇ, ನಾಳೆ ನಿಮ್ಮನ್ನೂ ಸಾಕ್ಷಿಗೆ ಕರೆದಾರು. ಕಂಡದ್ದನ್ನು ಕಂಡೆ ಎನ್ನಿ, ಕೇಳಿದ್ದನ್ನು ಕೇಳಿದೆ ಎನ್ನಿ. ಗುಮಾನಿ ಇದ್ದರೆ ಗುಮಾನಿ ಎಂದೇ ಹೇಳಿ. ಗೊತ್ತಿಲ್ಲ ಎನ್ನಲು ನಾಚಬೇಡಿ. ತಪ್ಪಿ ಆಡಿದ್ದರೆ ತಿದ್ದಿಕೊಳ್ಳಲು ಹೆದರಬೇಡಿ. ನಿಮ್ಮ ಒಂದು ಮಾತಿಗಾಗಿ ಯಾವುದೋ ಒಂದು ಮನೆ ಒಲೆ ಹೊತ್ತಿಸದೆ ಕಾದು ಕುಳಿತಿರುತ್ತದೆ.